ಗರಗತ್ತಿಯ ಎಲೆ, ಮುಶಿಯ ತೊಗಲು

ಬಂಡಿಯ ಅಚ್ಚು ಮುರಿಯಬಹುದಿತ್ತು. ಎತ್ತು ಕುಂಟಬಹುದಿತ್ತು. ಬೇಸಿಗೆಯೇ ಆದರೂ ಮೇಲೆ ಎಲ್ಲೋ ಮಳೆಯಾಗಿ ಮಸ್ಕಿ ಹಳ್ಳಕ್ಕೆ ನೀರು ಬರಬಹುದಿತ್ತು. ಹಾಗೆ ಬಂದು ಒಂದು ಬಂಡಿಯನ್ನು ಕೊಚ್ಚಿಕೊಂಡು ಹೋದದ್ದನ್ನು ನಾನು ಕೇಳಿದ್ದೆ. ಸುಂಕದ ನಾಕಾದ ಜವಾನ ಪೆಟ್ಟಿಗೆ ತೆಗೆಸಿ ತಂಬಾಕಿನ ಕೈಯಿಂದ ಒಳಗಿನದನ್ನು ಮುಟ್ಟಬಹುದಿತ್ತು. ಅದೇ ದಿನ ತಹಸೀಲ್ದಾರ ಸಾಹೇಬರ ಮೇಜಿನ ಕಾಲು ಅಲುಗಾಡಿ, ಬಡಿಗನನ್ನು ಬಿಟ್ಟಿ ಬೇಗಾರಿಗೆ ಹಿಡಿದು ತರಲು ಆಳು ಬರಬಹುದಿತ್ತು. ನಮ್ಮ ಶಾಲೆಯ ಸದರ ಮುದರ್ರಿಸರು, ಅಂದರೆ ಹೆಡ್ಮಾಸ್ತರರು, ನನ್ನ ರಜೆಯ ದರಖಾಸ್ತಿನ ಉರ್ದುವಿನಲ್ಲಿ ತಪ್ಪು ಹುಡುಕಿ ನಾಮಂಜೂರು ಮಾಡಬಹುದಿತ್ತು. ಮಠದ ಅಜ್ಜಾರ ಪಾದ ನಾನು ತಂದ ಅಳತೆಗಿಂತ ಅರ್ಧ ಬೆರಳು ದೊಡ್ಡದಿರಬಹುದಿತ್ತು. ಆ ಅಳತೆಯನ್ನು ಎರಡು ಪಾಟಿಗಳ ಮೇಲೆ ಬಳಪದಿಂದ ಗೆರೆ ಎಳೆದು ತಂದವನು ನಾನೇ. ಮಸ್ಕಿಯಿಂದ ಲಿಂಗಸುಗೂರಿನವರೆಗೆ ಅವೆರಡನ್ನೂ ಎಳೆಗೂಸು ಹಿಡಿದಂತೆ ಹಿಡಿದು ಕುಳಿತಿದ್ದೆ, ಬೆವರು ತಾಗಿ ಹೆಬ್ಬೆರಳು ಅಳಿಸೀತೆಂದು ಅಂಗೈಯನ್ನು ಗಳಿಗೆಗೊಮ್ಮೆ ಧೋತರಕ್ಕೆ ಒರೆಸಿಕೊಳ್ಳುತ್ತ.

ಇವುಗಳಲ್ಲಿ ಒಂದೂ ಆಗಲಿಲ್ಲ. ಒಂದಾದರೂ ಆಗಿದ್ದರೆ ಚೆನ್ನಾಗಿತ್ತು ಎಂದು ಈಗ ಇಪ್ಪತ್ತು ವರ್ಷದ ಮೇಲೆ ಅನ್ನಿಸುತ್ತದೆ.

ಕಳೆದ ವಾರ ಸಿಂಧನೂರಿನಿಂದ ಬಂದ ಹಳೆಯ ಸಹೋದ್ಯೋಗಿಯೊಬ್ಬರು ಚಹಾ ಕುಡಿಯುತ್ತ, "ಅಲ್ಲಿ ನಿಮ್ಮ ಗುರ್ತಿನ ಬಡಿಗ ಮುದುಕ ತೀರ್ಕೊಂಡ್ರು" ಎಂದರು. ಬಿಸಿ ಚಹಾ ನನ್ನ ತೊಡೆಯ ಮೇಲೆ ಚೆಲ್ಲಿತು. ಸುಟ್ಟ ಗಾಯ ಕೀವಾದೀತೆಂದು ಎರಡು ದಿನ ಚಿಂತಿಸಿದೆ. ಆ ಮನುಷ್ಯನ ಬಗ್ಗೆ ಚಿಂತಿಸುವುದನ್ನು ಎಷ್ಟು ಉಪಾಯವಾಗಿ ಮುಂದೂಡುತ್ತಿದ್ದೇನೆ ಎಂಬುದು ಮೂರನೆಯ ದಿನ ಹೊಳೆಯಿತು. ಅವರ ಕೈಗೆ ಬರಬೇಕಾಗಿದ್ದ ಜೀವಮಾನದ ಒಂದೇ ಒಂದು ಕೆಲಸವನ್ನು ತಪ್ಪಿಸಿದವನು ನಾನು. ಅದನ್ನು ಬರೆದಿಡದೆ ಸುಮ್ಮನಿರುವುದು ಸರಿಯಲ್ಲ.

ನಿಜಾಮರ ಕಾಲ. ದೊಡ್ಡ ಲಡಾಯಿ ಇನ್ನೂ ನಡೆದಿತ್ತು. ನಾನು ಲಿಂಗಸುಗೂರಿನ ಸರಕಾರಿ ಶಾಲೆಯಲ್ಲಿ ಹೊಸ ಮಾಸ್ತರ. ಮಸ್ಕಿ ನನ್ನ ಊರು. ಆ ಬಡಿಗರ ಅಂಗಡಿ ನಮ್ಮ ಶಾಲೆಯ ಹಿಂದೆ, ಬೇವಿನ ಗಿಡದ ಕೆಳಗಿನ ತಗಡಿನ ಚಪ್ಪರ. ಊರೆಲ್ಲ ಅವರನ್ನು ಬಡಿಗ್ಯಾರ ಎನ್ನುತ್ತಿತ್ತು, ನಾನು ಕಾಕಾ ಎನ್ನುತ್ತಿದ್ದೆ. ಕುಳ್ಳ ದೇಹ, ಕಿವಿಯ ಮೇಲೆ ಸೀಸದ ಕಡ್ಡಿ. ಮೊದಲ ಸಲ ನೋಡಿದವರು ಅವರ ಮುಖ ಕಂಡು ಬೆಚ್ಚುತ್ತಿದ್ದರು, ಯಾಕೆಂದರೆ ಎಡಗೆನ್ನೆ ದಿನವೂ ಬೋಳಿಸಿ ಬೆಣ್ಣೆಯಂತೆ, ಬಲಗೆನ್ನೆಗೆ ವಾರದ ಗಡ್ಡ. ಬಲಗೆನ್ನೆಯ ಸರದಿ ಸಂತೆಗೊಮ್ಮೆ ಮಾತ್ರ.

ಕಾರಣವಿತ್ತು. ತಿಕ್ಕಿದ ಹಲಗೆ ನುಣುಪಾಯಿತೋ ಇಲ್ಲವೋ ಎಂದು ಅವರು ಬೆರಳಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಎಡಗೆನ್ನೆಯನ್ನು ಹಲಗೆಗೆ ಹಚ್ಚಿ, ನಿದ್ದೆ ಹೋದವರಂತೆ ಒಂದು ಗಳಿಗೆ ಇರುತ್ತಿದ್ದರು.

"ಬೆರಳಿಗೆ ಮುಲಾಜು ಐತ್ರಿ ಮಾಸ್ತರ್. ದುಡಿದ ಬೆರಳು ತನ್ನ ಕೆಲಸ ತಾನಾ ಹೊಗಳ್ತದ. ಗಲ್ಲ ದುಡಿದಿಲ್ಲ ನೋಡ್ರಿ, ಅದು ಖರೇ ಹೇಳ್ತದ."

ನಮ್ಮ ಪರಿಚಯವಾದದ್ದು ನನ್ನ ಶಾಲೆಯ ಖುರ್ಚಿಯಿಂದ. ಅದರಲ್ಲಿ ಒಂದು ಮೊಳೆ ಇಷ್ಟೇ ಇಷ್ಟು ತಲೆ ಎತ್ತಿದೆ ಎಂದು ನನಗೆ ಖಾತ್ರಿಯಾಗಿತ್ತು. ಮೊಳೆ ಚುಚ್ಚಿದರೆ ಧನುರ್ವಾಯು, ಧನುರ್ವಾಯು ಬಂದರೆ ರಾಯಚೂರಿನ ಆಸ್ಪತ್ರೆ, ರಾಯಚೂರಿಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹೀಗೆ ಲೆಕ್ಕ ಹಾಕಿ ಖುರ್ಚಿಯನ್ನು ತಲೆಯ ಮೇಲೆ ಹೊತ್ತು ಅವರಲ್ಲಿಗೆ ಹೋದೆ. ಅವರು ಖುರ್ಚಿ ಹೊಳ್ಳಿಸಿ ನೋಡಿದರು, ನನ್ನ ಮುಖ ನೋಡಿದರು.

"ಈ ಮೊಳಿ ನಿಮ್ಮನ್ನ ಇನ್ನೂ ನೋಡಿಲ್ಲ. ನೀವಾ ಅದನ್ನ ನೋಡೀರಿ" ಎಂದು ಸುತ್ತಿಗೆಯಿಂದ ಒಂದು ಏಟು ಹಾಕಿ ಕಳಿಸಿದರು. ಅಂದಿನಿಂದ ಜುಮ್ಮಾ ಬಂದರೆ, ಅಂದರೆ ನಮ್ಮ ಶಾಲೆಗೆ ರಜೆಯಾದ ಶುಕ್ರವಾರ, ನನ್ನ ಠಾವು ಅವರ ಅಂಗಡಿ. ಚಿಂತೆ ಮಾಡುವವನಿಗೆ ಬೇರೆಯವರು ಕೆಲಸ ಮಾಡುವುದನ್ನು ನೋಡುತ್ತ ಕೂಡುವುದರಷ್ಟು ಸುಖ ಬೇರಿಲ್ಲ.

ಲಡಾಯಿಯ ದೆಸೆಯಿಂದ ಕಟ್ಟಿಗೆ ತಿಕ್ಕುವ ಉಸುಕಿನ ಕಾಗದ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಉಳಿದ ಬಡಿಗರು ಕೀಸುವ ರಂದಾ ಹೊಡೆದು ಕೈ ತೊಳೆದುಕೊಳ್ಳುತ್ತಿದ್ದರು. ಕಾಕಾನ ಹತ್ತಿರ ಮಾತ್ರ ಎರಡು ಸಾಧನಗಳಿದ್ದವು. ಬಲಗಡೆಯ ಗೂಡಿನಲ್ಲಿ ಗರಗತ್ತಿಯ ಎಲೆ. ಎಡಗಡೆ, ಕೆಳಗೆ, ಹಳೆಯ ಅರಿವೆಯಲ್ಲಿ ಸುತ್ತಿದ ಒಂದು ಗಂಟು.

ಗರಗತ್ತಿ ನಮ್ಮ ಕಡೆ ಅಪರೂಪದ ಗಿಡ. ಆಲ, ಅರಳಿ, ಅತ್ತಿಗಳ ಬಳಗದ್ದೇ. ಆದರೆ ಆ ಬಳಗದ ದೊಡ್ಡಸ್ತಿಕೆ ಒಂದೂ ಇಲ್ಲ. ನೆರಳಿಗೆ ಕಟ್ಟೆ ಕಟ್ಟುವವರಿಲ್ಲ, ಸುತ್ತು ಹಾಕುವವರಿಲ್ಲ, ಕಟ್ಟಿಗೆ ಒಲೆಗೂ ಅಷ್ಟಕ್ಕಷ್ಟೆ. ಎಲೆಯಲ್ಲಿ ಮಾತ್ರ ಎಲ್ಲ ಇದೆ. ಹಿಡಿದು ನೋಡಿದರೆ ಬೆಕ್ಕಿನ ನಾಲಿಗೆ ಮುಟ್ಟಿದಂತಾಗುತ್ತದೆ. ಒಣಗಿದ ಎಲೆಯನ್ನು ಒಂದಿಷ್ಟು ತೊಯ್ಸಿ ಹಲಗೆಯ ಮೇಲೆ ತಿಕ್ಕಿದರೆ ಕಣ್ಣಿಗೆ ಕಾಣದ ಮುಳ್ಳೆಲ್ಲ ಹೋಗಿ ಕಟ್ಟಿಗೆಗೆ ಒಳಗಿನಿಂದ ಒಂದು ಹೊಳಪು ಬರುತ್ತದೆ.

ಆ ಗಂಟಿನಲ್ಲಿ ಏನಿದೆ ಎಂದು ಕೇಳಲು ನನಗೆ ಮೂರು ಜುಮ್ಮಾ ಹಿಡಿಯಿತು. ಬಿಚ್ಚಿ ತೋರಿಸಿದರು. ಒಂದು ಮೊಳ ಉದ್ದದ ಬೂದಿ ಬಣ್ಣದ ತೊಗಲು, ಒಣಗಿ ಹಲಗೆಯಂತೆ ಬಿರುಸಾಗಿತ್ತು.

"ಮೀನಿಂದು" ಎಂದರು ದನಿ ತಗ್ಗಿಸಿ. "ಮುಂಬಯಿ ಕಡಿ ಮುಶಿ ಅಂತಾರ. ನನ್ನ ಮುಂಬಯಿ ಪಾಪ ಇದು. ಮುಟ್ಟಿದ ದಿನ ಜಳಕ ಮಾಡೇ ಮನಿ ಒಳಗ ಹೋಗೋದು."

ಅವರೂ ಮೀನು ತಿನ್ನುವವರಲ್ಲ. ಹರೆಯದಲ್ಲಿ ಹದಿನಾಲ್ಕು ವರ್ಷ ಮುಂಬಯಿಯಲ್ಲಿ ಖುರ್ಚಿ ಮೇಜು ಮಾಡುವ ಕಾರಖಾನೆಯಲ್ಲಿ ಇದ್ದರು. ಅಲ್ಲಿಯ ಕೊಂಕಣದ ಮೇಸ್ತ್ರಿ ಊರಿಗೆ ಹೋಗುವಾಗ ಕೈಯಲ್ಲಿ ಇಟ್ಟ ಉಡುಗೊರೆ ಇದು. ನಮ್ಮ ಪುಸ್ತಕಗಳಲ್ಲಿ ಇಂಥದಕ್ಕೆ ಸೊರ ಎನ್ನುತ್ತಾರೆ. ಸೊರವೆಂದರೆ ಮನುಷ್ಯರನ್ನು ಕಚ್ಚಿ ಎಳೆದೊಯ್ಯುವ ಮೀನು ಎಂದು ಓದಿದ್ದ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸಮುದ್ರ ಲಿಂಗಸುಗೂರಿನಿಂದ ಎಷ್ಟು ದೂರವೆಂದು ಆ ಗಳಿಗೆಯಲ್ಲಿ ನನಗೆ ನೆನಪಿರಲಿಲ್ಲ.

"ಇದು ದೊಡ್ಡದಾದ್ರ ಮನಷ್ಯಾರ್ನ ತಿಂತದೇನ್ರಿ ಕಾಕಾ?"

"ದೊಡ್ಡದಾಗಂಗಿಲ್ರಿ. ಇದರ ಜಾತೀನಾ ಇಷ್ಟು. ಮನಷ್ಯಾರ್ನ ತಿನ್ನೋವು ಬ್ಯಾರೆ, ಅವು ಆಲದ ಗಿಡ ಇದ್ದಂಗ, ಲೋಕಕ್ಕೆಲ್ಲ ಗೊತ್ತು. ಇದು ಗರಗತ್ತಿ. ದೊಡ್ಡೋರ ಮನಿ ಸಣ್ಣ ತಮ್ಮ. ನೀರಿನ ತಳದಾಗ ಉಸುಕಿನ ಮ್ಯಾಲ ನಾಯಿ ಮಲಗಿದಂಗ ಮಲಗಿರ್ತದಂತ."

ಅಂದು ಶುರುವಾದ ಹೋಲಿಕೆ ಮುಂದೆ ಎಷ್ಟೋ ಶುಕ್ರವಾರ ನಡೆಯಿತು. ಒಂದು ನೆಲ ಬಿಟ್ಟು ಕದಲದ ಗಿಡ, ಇನ್ನೊಂದು ನಾನು ಕಂಡಿರದ ನೀರಿನ ಮೀನು. ಇವೆರಡನ್ನು ಅವರು ಒಂದೇ ಮನೆಯ ಇಬ್ಬರು ಸೊಸೆಯರ ಗುಣ ಹೇಳುವಂತೆ ಹೇಳುತ್ತಿದ್ದರು.

"ಎರಡಕ್ಕೂ ಮೈಯೆಲ್ಲ ಹಲ್ಲು ನೋಡ್ರಿ. ಬಾಯಾಗ ಇದ್ರ ಎಲ್ರಿಗೂ ಕಾಣ್ತಾವ, ಮೈ ಮ್ಯಾಲ ಇದ್ರ ಮುಟ್ಟಿದವ್ರಿಗಷ್ಟಾ. ಮತ್ತ ಎರಡೂ ಒಳಗ ಇಟ್ಕೊಳ್ಳೋ ಜಾತಿ. ಗರಗತ್ತಿ ಹೂ ಕಂಡೀರೇನು? ಕಾಯಿ ಒಳಗಾ ಹೂ ಮುಚ್ಚಿ ಇಟ್ಟಿರ್ತದ. ಮುಶೀನೂ ಹಂಗಾ. ಬ್ಯಾರೆ ಮೀನ ರಾಶಿಗಟ್ಲೆ ತತ್ತಿ ಚೆಲ್ಲಿ ಹೋಗ್ತಾವ, ಇದು ಎರಡೋ ನಾಕೋ ಮರೀನ ಹೊಟ್ಯಾಗ ಇಟ್ಕೊಂಡು ತಿರಗ್ತದಂತ. ಕೊಂಕಣದ ಮೇಸ್ತ್ರಿ ಹೇಳಿದ್ದು."

"ಹಂಗಾರ ಎರಡೂ ಒಂದಾ ಅಂದಂಗಾಯ್ತು."

"ಛೇ ಛೇ. ಎಲೀಗೆ ದಿಕ್ಕಿಲ್ರಿ, ಹೆಂಗ ತಿಕ್ಕಿದ್ರೂ ಒಂದಾ ಹದ. ಮುಶಿಗೆ ದಿಕ್ಕು ಐತಿ. ತಲೀ ಕಡಿಂದ ಬಾಲದ ಕಡಿ ಕೈ ಎಳೀರಿ."

ಎಳೆದೆ. ರೇಶ್ಮೆ.

"ಈಗ ಹೊಳ್ಳಿ ಎಳೀರಿ."

ಎಳೆದೆ. ಅಂಗೈಯಲ್ಲಿ ರಕ್ತದ ಸಣ್ಣ ಹನಿಗಳು ಎದ್ದವು. ಮೀನಿನ ವಿಷ ಏರೀತೇ ಎಂದು ನಾನು ಎಂಟು ದಿನ ಸಂಜೆಗೊಮ್ಮೆ ನಾಲಿಗೆ ಹೊರಹಾಕಿ ಕನ್ನಡಿಯಲ್ಲಿ ನೋಡಿಕೊಂಡೆ. ಅವರು ಬೇವಿನ ಎಲೆ ಅರೆದು ಹಚ್ಚುತ್ತ ನಕ್ಕರು.

"ನಮ್ಮ ತಹಸೀಲ್ದಾರ ಸಾಹೇಬ್ರು ಮುಶಿ ಜಾತಿ. ತಲೀ ಕಡಿಂದ ಸಲಾಂ ಮಾಡ್ಕೋತ ಹೋದ್ರ ಮೆತ್ತಗ. ಅವ್ರ ಖುರ್ಚಿಗೆ ಇದಾ ಸರಿ."

"ನಾ ಯಾ ಜಾತಿ ಕಾಕಾ?"

"ನೀವು ಎಲಿ. ಯಾ ಕಡಿಂದ ಮುಟ್ಟಿದ್ರೂ ಸಣ್ಣಗ ಕೆರೀತೀರಿ. ರಕ್ತ ಬರಂಗಿಲ್ಲ. ಆದ್ರ ಮ್ಯಾಲಿನ ಪದರ ಉಳಿಯಂಗಿಲ್ಲ."

ಆಗ ನಾನೂ ನಕ್ಕೆ. ಆ ಮಾತನ್ನು ಹೊಗಳಿಕೆಯ ಸಾಲಿಗೇ ಸೇರಿಸಿಕೊಂಡಿದ್ದೆ.

ಯಾವುದಕ್ಕೆ ಎಲೆ, ಯಾವುದಕ್ಕೆ ತೊಗಲು ಎಂಬುದರಲ್ಲಿ ಅವರ ಮಡಿ ಯಾವ ಮಠದ ಮಡಿಗೂ ಕಡಿಮೆ ಇರಲಿಲ್ಲ. ಕೂಸು, ಅನ್ನ, ದೇವರು, ಈ ಮೂರಕ್ಕೆ ತಾಗುವ ಕಟ್ಟಿಗೆಗೆ ಎಲೆ ಮಾತ್ರ. ತೊಟ್ಟಿಲು, ಲಟ್ಟಣಿಗೆ, ಊಟದ ಮಣೆ, ದೇವರ ಜಗಲಿ. ಕಚೇರಿಯ ಖುರ್ಚಿ, ಮಂಚ ಹೊರಸಿನ ಕಾಲು, ಬಾಗಿಲಿಗೆ ಮುಶಿ. ತೊಗಲು ಮುಟ್ಟಿದ ದಿನ ಎಲೆಯ ಗೂಡಿನ ಕಡೆ ಕೈ ಚಾಚುತ್ತಿರಲಿಲ್ಲ. "ಮುಶಿ ತಾ ಸವಿಯಂಗಿಲ್ಲ, ಕಟ್ಟಿಗೀನ ಸವಸ್ತದ. ಎಲಿ ತಾನೂ ಸವದು ಸಾಯ್ತದ. ಕೂಸಿನ ಮೈಗೆ ತಾಗೋದಕ್ಕ ತಾ ಸವಿಯೋದಾ ಆಗ್ಬೇಕು" ಎನ್ನುತ್ತಿದ್ದರು. ಒಂದು ತೊಟ್ಟಿಲಿಗೆ ಒಂದು ಚೀಲ ಎಲೆ ಮುಗಿಯುತ್ತಿತ್ತು. ತೊಗಲಿನಲ್ಲಾದರೆ ಅರ್ಧ ದಿನದ ಕೆಲಸ.

ಆ ವರ್ಷ ಮಸ್ಕಿಯ ಹತ್ತಿರದ ಒಂದು ಸಣ್ಣ ಮಠದ ಕಾರಭಾರಿ ನನಗೆ ಹೇಳಿ ಕಳಿಸಿದರು. ಅಜ್ಜಾರಿಗೆ, ಅಂದರೆ ಮಠದ ಸ್ವಾಮಿಗಳಿಗೆ, ಹೊಸ ಹಾವುಗೆ ಬೇಕು. ಹಳೆಯ ಮರದ ಪಾದುಕೆ ಒರಟಾಗಿ ಅಜ್ಜಾರ ಹಿಮ್ಮಡಿ ಒಡೆದಿದೆ. ಲಿಂಗಸುಗೂರಿನಲ್ಲಿ ಒಬ್ಬ ಬಡಿಗ ಬೆಣ್ಣೆಯಂತೆ ತಿಕ್ಕುತ್ತಾನಂತೆ, ಮಾಡಿಸಿ ತಾ. ಹಾವುಗೆ ಮನಸ್ಸಿಗೆ ಬಂದರೆ ಮಠದ ಹೊಸ ಪಲ್ಲಕ್ಕಿಯ ಕೆಲಸವೂ ಅವನಿಗೇ.

ಪಲ್ಲಕ್ಕಿಯ ಮಾತು ಹೇಳಿದಾಗ ಕಾಕಾ ಉಳಿ ಕೆಳಗಿಟ್ಟರು. ಎದ್ದು ಹೋಗಿ ಅಂಗಡಿಯ ಒಳಗೋಡೆಗೆ ಒರಗಿಸಿದ್ದ ಹಲಗೆಗಳನ್ನು ಒಂದೊಂದಾಗಿ ಸರಿಸಿದರು. ಗೋಡೆಯ ತುಂಬ ಇದ್ದಲಿಯಲ್ಲಿ ಬರೆದ ಒಂದು ಪಲ್ಲಕ್ಕಿ. ಬಾಗಿದ ದಂಡಿಗೆ, ತುದಿಗೆ ಹಂಸದ ಕೊಕ್ಕು, ಕಂಬಗಳ ಮೇಲೆ ಬಳ್ಳಿ. ಎಷ್ಟು ಸಲ ಅಳಿಸಿ ತಿದ್ದಿದ್ದರೋ, ಗೋಡೆಯೇ ಕಪ್ಪಾಗಿತ್ತು.

"ಹದಿನಾಕು ವರ್ಷ ಸಾಹೇಬ್ರ ಕುಂಡಿ ಕೆಳಗ ಹೋಗೋದು ಮಾಡೀನ್ರಿ ಮಾಸ್ತರ್. ಸಾಯೂದ್ರಾಗ ಒಂದಾರ ಹೆಗಲ ಮ್ಯಾಲ ಹೋಗೋದು ಮಾಡ್ಬೇಕು."

ಬುತ್ತಿ ತಂದಿದ್ದ ಅವರ ಹೆಂಡತಿ ಹೊರಗಿನಿಂದಲೇ ಅಂದರು: "ಹೆಗಲ ಮ್ಯಾಲ ಹೋಗೋದು ಎಲ್ರಿಗೂ ಒಂದಿನ ಬರ್ತದ. ಅದಕ್ಕ ಬಡಿಗ್ಯಾರು ಬ್ಯಾಡ, ಎರಡು ಬಿದಿರು ಸಾಕು. ಬರ್ರಿ, ರೊಟ್ಟಿ ಆರ್ತಾವ."

ಕಾಕಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ನನಗೆ ನಗು ಬರಲಿಲ್ಲ. ನನ್ನ ತಲೆಯಲ್ಲಿ ಆಗಲೇ ಬಂಡಿಯ ಅಚ್ಚು ಮುರಿಯತೊಡಗಿತ್ತು.

ಅದಕ್ಕಿಂತ ದೊಡ್ಡ ಚಿಂತೆ ಆ ಎಡಗಡೆಯ ಗಂಟಿನದು. ಅಜ್ಜಾರ ಬರಿಪಾದ ಊರುವ ಕಟ್ಟಿಗೆ. ಅದೇ ಅಂಗಡಿಯಲ್ಲಿ, ಎರಡು ಮಾರಿನಾಚೆ, ಮೀನಿನ ತೊಗಲು. ಗಾಳಿ ಬಂದು ಪುಡಿ ಹಾರಿದರೆ? ಕಾಕಾ ಮರೆತು ಕೈ ಹಾಕಿದರೆ? ಒಂದು ವಾರ ಒದ್ದಾಡಿ ಕೊನೆಗೆ ಹೇಳಿದೆ. ಬೇರೆ ಯಾರಾದರೂ ಆಗಿದ್ದರೆ ಕೈಯಲ್ಲಿದ್ದ ಬಾಚಿಯನ್ನೇ ನನ್ನ ಮೇಲೆ ಎತ್ತುತ್ತಿದ್ದರು. ಅವರು ಮಾತ್ರ ನನ್ನ ರೋಗಕ್ಕೆ ಔಷಧಿ ಯೋಚಿಸಿದರು. ಕಟ್ಟಿಗೆ ಕಡಿದು ಆಕಾರಕ್ಕೆ ತರುವುದನ್ನು ವಾರವೆಲ್ಲ ಮಾಡುವುದು. ತಿಕ್ಕುವುದನ್ನು ಮಾತ್ರ ಜುಮ್ಮಾದಂದು, ನಾನು ಎದುರಿಗಿದ್ದಾಗ. ತಿಕ್ಕಿದ ಮೇಲೆ ಹಾವುಗೆಗಳನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುವುದು. ಕೀಲಿಕೈ ನನ್ನ ಹತ್ತಿರ.

"ಇಟ್ಕೋರಿ. ನಿಮಗ ನಿದ್ದಿ ಹತ್ಲಿ" ಎಂದು ಅದನ್ನು ನನ್ನ ಅಂಗೈಯಲ್ಲಿ ಇಟ್ಟರು. ನಾನು ಉಡದಾರಕ್ಕೆ ಕಟ್ಟಿಕೊಂಡೆ. ನಿದ್ದೆ ಹತ್ತಿತು ಕೂಡ. ಮಗ್ಗುಲು ಹೊರಳಿದಾಗ ಚುಚ್ಚುತ್ತಿತ್ತು, ಅಷ್ಟೆ.

ಎಲೆ ತರಲು ಇಬ್ಬರೂ ಮಸ್ಕಿಯ ಗುಡ್ಡಕ್ಕೆ ಹೋದೆವು. ಬಂಡೆಗಳ ಸಂದಿನಲ್ಲಿ ತೇವ ನಿಲ್ಲುವ ಒಂದು ಕೊರಕಲಿದೆ. ಊರಲ್ಲಿ ಹುಟ್ಟಿದ ನಾನು ಅಲ್ಲಿ ಅಂಥ ಗಿಡವಿದೆ ಎಂದು ಕಂಡಿರಲಿಲ್ಲ, ಅವರು ಕಂಡಿದ್ದರು. ಬಲಿತ ಎಲೆಯನ್ನೇ ಆರಿಸಿ, ತೊಟ್ಟು ಮುರಿದಾಗ ಬರುವ ಹಾಲು ಒರೆಸಿ, ಹತ್ತು ಹತ್ತು ಜೋಡಿಸಿ ಕಟ್ಟಬೇಕು. ನಾನು ಪ್ರತಿ ಕಲ್ಲಿನ ಕೆಳಗೆ ಚೇಳು ನೋಡುತ್ತ ಕಿತ್ತೆ. ಎರಡು ಚೀಲವಾಯಿತು. ಎರಡನ್ನೂ ನಾನೇ ಹೊತ್ತೆ. ಅವರ ಬೆನ್ನಿಗೆ ಏನಾದರೂ ಆದರೆ ಹಾವುಗೆ ನಿಲ್ಲುತ್ತದಲ್ಲ ಎಂಬ ಚಿಂತೆಯಿಂದ.

ಮುಂದೆ ನಾಲ್ಕು ಜುಮ್ಮಾ. ನಾನು ನೀರಿನ ಬೋಗುಣಿ ಮುಂದಿಟ್ಟುಕೊಂಡು ಎಲೆ ತೊಯ್ಸಿ ಕೊಡುತ್ತಿದ್ದೆ, ಅವರು ತಿಕ್ಕುತ್ತಿದ್ದರು. ಎಲೆ ಸವೆದು ಬರೀ ನರಗಳ ಜಾಳಿಗೆಯಾದಾಗ ಬಿಸಾಕಿ ಕೈ ಚಾಚುತ್ತಿದ್ದರು, ನಾನು ಇನ್ನೊಂದು ಇಡುತ್ತಿದ್ದೆ. ಆ ನಾಲ್ಕು ದಿನ ನನಗೆ ಯಾವ ಚಿಂತೆಯೂ ಇರಲಿಲ್ಲ. ಜೀವಮಾನದಲ್ಲಿ ಅಂಥ ನಾಲ್ಕು ದಿನ ಒಟ್ಟಿಗೆ ಮತ್ತೆ ಸಿಕ್ಕಿಲ್ಲ. ಕೊನೆಯ ದಿನ ಅವರು ಎಡಗೆನ್ನೆಯನ್ನು ಹಾವುಗೆಗೆ ಹಚ್ಚಿ ಬಹಳ ಹೊತ್ತು ಇದ್ದರು. ಆಮೇಲೆ ನನಗೂ ಹಚ್ಚಿ ನೋಡಲು ಹೇಳಿದರು. ನನ್ನ ಕೆನ್ನೆಗೆ ಕಟ್ಟಿಗೆ ತಾಗಿದ್ದೇ ಗೊತ್ತಾಗಲಿಲ್ಲ. ತಂಪು ಮಾತ್ರ ತಾಗಿತು.

ಮಠದಲ್ಲಿ ನಮಗಾಗಿ ಹತ್ತಾರು ಭಕ್ತರು ಕಾದಿದ್ದರು. ನಾನು ಉಡದಾರದಿಂದ ಕೀಲಿಕೈ ಬಿಚ್ಚಿ ಪೆಟ್ಟಿಗೆ ತೆಗೆದೆ. ಕಾರಭಾರಿ ಹಾವುಗೆ ಎತ್ತಿ ಬೆಳಕಿಗೆ ಹಿಡಿದು, "ಎಲಾ ಇವನ! ಕನ್ನಡಿ ಆಗೇತಲ್ಲೋ. ಯಾತರಿಂದ ತಿಕ್ಕೀರಿ ಬಡಿಗ್ಯಾರ?" ಎಂದರು.

"ಗರಗತ್ತಿ ಎಲೀ ರೀ. ನಿಮ್ಮ ಗುಡ್ಡದ್ದಾ."

ಎಲ್ಲರ ಮುಖ ಅರಳಿತು. ತಮ್ಮ ಗುಡ್ಡದ ಎಲೆ ಎಂದು ಒಬ್ಬ ಮುದುಕಿ ಕೈ ಮುಗಿದಳು. ಕಾರಭಾರಿ ಪಲ್ಲಕ್ಕಿಗೆ ಸಾಗವಾನಿ ಎಲ್ಲಿಂದ ತರಿಸುವುದೆಂದು ಪಕ್ಕದವರೊಂದಿಗೆ ಆಗಲೇ ಮಾತು ತೆಗೆದಿದ್ದರು. ಕಾಕಾ ಅದನ್ನು ಕೇಳಿಯೂ ಕೇಳದವರಂತೆ ನೆಲ ನೋಡುತ್ತಿದ್ದರು. ಅವರ ಬೋಳು ಕೆನ್ನೆ ಕೆಂಪಾಗಿತ್ತು. ಅಜ್ಜಾರು ಗದ್ದುಗೆಯಿಂದ ಇಳಿದು ಬಲಪಾದ ಎತ್ತಿದರು.

ಆಗ ನನಗೆ ಖಾತ್ರಿ ಬೇಕೆನ್ನಿಸಿತು. ಇನ್ನೊಂದೇ ಒಂದು ಸಲ. ಬಾಗಿಲ ಚಿಲಕ ಹಾಕಿದ್ದು ಗೊತ್ತಿದ್ದೂ ಹಾಸಿಗೆಯಿಂದ ಎದ್ದು ಹೋಗಿ ಮುಟ್ಟಿ ಬರುತ್ತೇನಲ್ಲ, ಹಾಗೆ.

"ಕಾಕಾ, ಎಲಿ ಒಂದಾ ಹೌ‍ದಲ್ರಿ? ಆ ಇನ್ನೊಂದು ಮುಟ್ಟಿಲ್ಲ, ಹೌದಲ್ಲ?"

ಮೆಲ್ಲಗೇ ಕೇಳಿದ್ದೆ. ಮಠದಲ್ಲಿ ಎಲ್ಲರೂ ಸುಮ್ಮನಾದ ಗಳಿಗೆ ಅದು.

"ಇನ್ನೊಂದು ಅಂದ್ರ ಏನದು?" ಎಂದರು ಕಾರಭಾರಿ.

ಅಜ್ಜಾರ ಪಾದ ಅಲ್ಲೇ ನಿಂತಿತು. ಆಮೇಲೆ ನೆಲಕ್ಕೆ ಇಳಿಯಿತು, ಹಾವುಗೆಯ ಈಚೆಗೆ.

ಕಾಕಾ ಸುಳ್ಳು ಹೇಳಬಹುದಿತ್ತು. ಉಸುಕಿನ ಕಾಗದ ಎಂದಿದ್ದರೆ ಮುಗಿಯುತ್ತಿತ್ತು. ಅವರು ನನ್ನ ಕಡೆ ಒಂದು ಸಲ ನೋಡಿ, ಕಾರಭಾರಿಗೆ ಹೇಳಿದರು: "ಅಂಗಡ್ಯಾಗ ಮೀನಿನ ತೊಗಲು ಒಂದು ಐತ್ರಿ. ಕಚೇರಿ ಖುರ್ಚಿಗೆ ಹಿಡೀತೀನಿ. ಇದಕ್ಕ ಮುಟ್ಟಿಲ್ಲ."

"ಶಿವಶಿವಾ" ಎಂದಳು ಮುದುಕಿ.

"ಮಾಸ್ತರ್, ನೀವು ಮಠದ ಮನುಷ್ಯಾರು. ನೀವು ಖಾತ್ರಿ ಹೇಳ್ತೀರೇನು?" ಎಂದು ಕಾರಭಾರಿ ನನ್ನ ಕಡೆ ತಿರುಗಿದರು.

"ನಾ ಇದ್ದಾಗ ಮುಟ್ಟಿಲ್ರಿ."

"ನೀವು ಇಲ್ದಾಗ?"

ಕೀಲಿಕೈ ನನ್ನ ಮುಷ್ಟಿಯಲ್ಲಿತ್ತು. ಅದನ್ನು ಎತ್ತಿ ತೋರಿಸಿದ್ದರೆ ಸಾಕಿತ್ತು. ಆದರೆ ನನ್ನ ತಲೆ ಆ ಹೊತ್ತಿಗೆ ಮುಂದೆ ಓಡಿತ್ತು: ಆ ಪೆಟ್ಟಿಗೆಗೆ ಇನ್ನೊಂದು ಕೀಲಿಕೈ ಇದ್ದರೆ? ಅಜ್ಜಾರ ಮುಂದೆ ಸುಳ್ಳಾಡಿದ ಪಾಪ ಯಾರಿಗೆ?

"ಅಷ್ಟು ಖಾತ್ರಿ ಹೆಂಗ ಹೇಳ್ಲಿ ರೀ" ಎಂದೆ.

ಅಜ್ಜಾರು ಸಿಟ್ಟಾಗಲಿಲ್ಲ. "ಇರ್ಲಿ ಬಿಡ್ರಿ, ಮ್ಯಾಲ ಇಡ್ರಿ. ಹಳೀವು ಇನ್ನೂ ನಡೀತಾವ" ಎಂದು ಒಡೆದ ಹಿಮ್ಮಡಿಯಲ್ಲೇ ಒಳಗೆ ಹೋದರು. ಕಾರಭಾರಿ ಹಾವುಗೆಗಳನ್ನು ಪೆಟ್ಟಿಗೆಗೆ ಹಾಕಿ ಅಟ್ಟದ ಮೇಲೆ ಇಡಲು ಕೊಟ್ಟರು. ಕೊಡುವ ಮುಂಚೆ ನಾನು, ರೂಢಿಯಂತೆ, ಅದಕ್ಕೆ ಕೀಲಿ ಹಾಕಿದೆ. ಕೀಲಿಕೈಯನ್ನು ಉಡದಾರಕ್ಕೆ ಕಟ್ಟಿಕೊಂಡೆ.

ಹೊಳ್ಳಿ ಬರುವಾಗ ಕಾಕಾ ಆಡಿದ್ದು ಒಂದೇ ಮಾತು, ಬಂಡಿಯವನಿಗೆ: "ಎಡಗಡಿ ಎತ್ತಿಗೆ ನೊಗ ಒತ್ತಾಕತ್ತೈತಿ ನೋಡಪಾ. ನಾಳಿ ತಂದ್ರ ತಿಕ್ಕಿ ಕೊಡ್ತೀನಿ."

ಪಲ್ಲಕ್ಕಿ ಬೇರೆ ಊರಿನವರ ಪಾಲಾಯಿತು. ಸುದ್ದಿ ಬಂಡಿಗಿಂತ ಮುಂಚೆ ಊರು ಮುಟ್ಟಿತ್ತು. ತೊಟ್ಟಿಲು ಹೇಳಿದ್ದವರು ಬೇಡವೆಂದರು. ಲಟ್ಟಣಿಗೆ ಒಯ್ದವರು ಅಂಗಡಿಯ ಮುಂದೆ ಇಟ್ಟು ಹೋದರು. ಅವುಗಳನ್ನೂ ಎಲೆಯಿಂದಲೇ ತಿಕ್ಕಿದ್ದೆಂದು ಯಾರೂ ಕೇಳಲಿಲ್ಲ. ಕೇಳುವ ಕೆಲಸವನ್ನು ನಾನು ಮಾಡಿ ಮುಗಿಸಿದ್ದೆನಲ್ಲ. ಕಾರಭಾರಿಗೆ ಮೂರು ಪತ್ರ ಬರೆದೆ. ಮೊದಲನೆಯದರಲ್ಲಿ ನನ್ನ ತಪ್ಪು ಕಡಿಮೆ ಕಂಡಿತು, ಹರಿದೆ. ಎರಡನೆಯದರಲ್ಲಿ ಹೆಚ್ಚು ಕಂಡಿತು, ಹರಿದೆ. ಮೂರನೆಯದರಲ್ಲಿ ಅಕ್ಷರ ಚೆನ್ನಾಗಿ ಬಂದಿರಲಿಲ್ಲ. ಜುಮ್ಮಾದಂದು ಅಂಗಡಿಗೆ ಹೋಗುವುದನ್ನೂ ಬಿಟ್ಟೆ. ಅವರಿಗೆ ಮುಜುಗರವಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಸುಗ್ಗಿಯ ಹೊತ್ತಿಗೆ ಅವರು ಸಿಂಧನೂರಿಗೆ ಹೋದರು. ಚಪ್ಪರಕ್ಕೆ ಬಳೆಗಾರರು ಬಂದರು. ಗೋಡೆಯ ಮೇಲಿನ ಪಲ್ಲಕ್ಕಿಗೆ ಸುಣ್ಣ ಹೊಡೆದರೂ ದಂಡಿಗೆಯ ಕಪ್ಪು ಬಹಳ ದಿನ ಬಳೆಗಳ ಹಿಂದಿನಿಂದ ಕಾಣುತ್ತಿತ್ತು.

ಎರಡು ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆ ಸಿಂಧನೂರಿಗೆ ಹೋದಾಗ ಅವರನ್ನು ಕಂಡೆ. ಬಂಡಿಯ ಗಾಲಿ, ಕೂರಿಗೆ, ಕುಂಟಿ ಮಾಡುತ್ತಿದ್ದರು. ಎರಡೂ ಕೆನ್ನೆಗೆ ಗಡ್ಡ ಬಂದಿತ್ತು. ಅದನ್ನು ನೋಡಿದ ಮೇಲೆ, ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಹೋದ ಮಾತೆಲ್ಲ ಮರೆತುಹೋಯಿತು.

"ಬರ್ರಿ ಮಾಸ್ತರ್, ಕುಂದರ್ರಿ. ಮೊಳಿ ಇಲ್ಲ, ನೋಡೇ ಕುಂದರ್ರಿ" ಎಂದು ಮಣೆ ಸರಿಸಿದರು. ಆಮೇಲೆ ಗಾಲಿಯ ಒಂದು ಅರೆಯನ್ನು, ಅಂದರೆ ನಡುವಿನಿಂದ ಅಂಚಿಗೆ ಹೋಗುವ ಕಡ್ಡಿಯನ್ನು, ತೋರಿಸಿ, "ಮುಟ್ರಿ" ಎಂದರು.

ಮುಟ್ಟಿದೆ. ಕೆಸರಿನಲ್ಲಿ ತಿರುಗುವ ಗಾಲಿಯ ಅರೆ, ಹಾವುಗೆಯಂತೆಯೇ ತಣ್ಣಗೆ.

"ಎತ್ತಿಗೆ ಗೊತ್ತಾಗಂಗಿಲ್ಲ, ಒಕ್ಕಲಿಗಗೂ ಗೊತ್ತಾಗಂಗಿಲ್ಲ. ಕೈ ಕೇಳಂಗಿಲ್ಲ, ಏನ್ ಮಾಡ್ಲಿ."

ಯಾವುದರಿಂದ ತಿಕ್ಕಿದ್ದು ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ಹಿಡಿದೆ. ಅವರಿಗೆ ಕಂಡಿತು.

"ಕೇಳ್ರಿ, ಕೇಳ್ರಿ. ಇಲ್ಲಿ ಯಾರೂ ಇಲ್ಲ."

ನಾನು ಅದನ್ನು ಕೇಳಲಿಲ್ಲ. ಉಡದಾರದಿಂದ ಕೀಲಿಕೈ ಬಿಚ್ಚಿ ಅಂಗೈಯಲ್ಲಿ ಹಿಡಿದು, "ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ ಕಾಕಾ?" ಎಂದೆ.

ಅವರು ಕೀಲಿಕೈ ನೋಡಿದರು.

"ಎಲಿ ಕಿತ್ತವ್ರು ಯಾರ್ರಿ?"

"ನಾವಿಬ್ರೂ."

"ಚೀಲ ಹೊತ್ತವ್ರು?"

"ನಾನು."

"ತೊಯ್ಸಿ ಒಂದೊಂದಾ ಕೈಯಾಗ ಕೊಟ್ಟವ್ರು?"

"ನಾನಾ."

"ಕೀಲಿಕೈ ಅಂತೂ ಇಲ್ಲೇ ಐತಿ. ಹಂಗಾರ ಅವತ್ತು ನೀವು ಕೇಳಿದ್ದು ಯಾರ್ನ?"

ಕೀಲಿಕೈಯನ್ನು ಅವರು ತೆಗೆದುಕೊಳ್ಳಲಿಲ್ಲ. ಗಾಲಿಯನ್ನು ಹೊಳ್ಳಿಸಿ ಇನ್ನೊಂದು ಅರೆಗೆ ಕೈ ಹಚ್ಚಿದರು.

ಇದನ್ನು ಬರೆಯುವಾಗಲೂ ಕೀಲಿಕೈ ನನ್ನ ಮುಂದೆ, ಮಸಿಯ ದೌತಿಯ ಪಕ್ಕದಲ್ಲಿದೆ. ತುಕ್ಕು ಹಿಡಿದಿದೆ. ಆ ದಿನವನ್ನು ತಲೆಯಲ್ಲಿ ಎಷ್ಟು ಸಲ ಹಿಂದೆ ಮುಂದೆ ಮಾಡಿದರೂ ಅದರಲ್ಲಿ ಒಂದು ಊನ ಸಿಗುವುದಿಲ್ಲ. ಬಂಡಿಯ ಅಚ್ಚು ಗಟ್ಟಿಯಿತ್ತು. ಹಳ್ಳ ಒಣಗಿತ್ತು. ನಾಕಾದ ಜವಾನ ನಿದ್ದೆ ಹೋಗಿದ್ದ. ದರಖಾಸ್ತಿನ ಉರ್ದು ಸರಿಯಿತ್ತು. ಪಾಟಿಯ ಮೇಲಿನ ಗೆರೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಜ್ಜಾರ ಬಲಪಾದ ಹಾವುಗೆಯ ಮೇಲೆ ಇಳಿಯುತ್ತಿತ್ತು, ಇನ್ನು ನಾಲ್ಕು ಬೆರಳು ಉಳಿದಿತ್ತು. ಆಗ ನಾನು, ನನಗೆ ಗೊತ್ತಿದ್ದ ಒಂದು ಸಂಗತಿಯನ್ನು, ಇನ್ನೊಂದು ಸಲ ಕೇಳಿದೆ.